ಕರೆಂಟ್ ಶರಣಪ್ಪ ಕೇಳಿದ ಪ್ರಶ್ನೆ

ಚೀಲ ಬಿಚ್ಚುವ ಮೊದಲು ಶರಣಪ್ಪ ಸ್ವಿಚ್ ಬೋರ್ಡಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಹಣೆಯ ವಿಭೂತಿ ಗೋಡೆಗೆ ಹತ್ತುತ್ತಿತ್ತು. ಯಾರಾದರೂ ಮಾತಾಡಿದರೆ ಕೈ ಎತ್ತಿ, "ಸುಮ್ ಇರ್ರಿ ಸ್ವಲ್ಪ, ಅದು ಯಾನ್ ಅಂತದ ಕೇಳ್ತೇನಿ," ಎನ್ನುತ್ತಿದ್ದರು.

ಜೇವರ್ಗಿಯ ನಮ್ಮ ಅಪಾರ್ಟ್‌ಮೆಂಟು ಕಟ್ಟುವಾಗ ವೈರ್ ಎಳೆದವರು ಅವರೇ. ಯಾವ ಪೈಪು ಎಲ್ಲಿ ತಿರುಗುತ್ತದೆಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಒಮ್ಮೆ ಕೆಳಮನೆಯ ಬಸಮ್ಮನವರ ಫ್ಯಾನು ನಿಂತಾಗ ಎಲ್ಲರೂ ಮೋಟಾರು ಸುಟ್ಟಿದೆ ಎಂದರು. ಶರಣಪ್ಪ ಬೋರ್ಡು ಬಿಚ್ಚಿ ಇರುವೆಗಳನ್ನು ಊದಿ ಹೊರಹಾಕಿ, "ಬ್ಯಾರೆ ಮನಿ ನೋಡ್ಕೋರಿ ಅಂತ ಹೇಳೇನಿ ಅವಕ್ಕ," ಎಂದು ನಕ್ಕರು. ಫ್ಯಾನು ತಿರುಗಿತು.

ಹೋದ ವರ್ಷ ನಮ್ಮ ಅಡುಗೆಮನೆಗೆ ಹೊಸ ಬಣ್ಣ ಹಚ್ಚಿಸಿದ್ದೆವು. "ಒಂದು ಮೊಳಿ ಭೀ ಹೊಡೀಬ್ಯಾಡ್ರಿ," ಎಂದು ನನ್ನ ಹೆಂಡತಿ ಮಹಾದೇವಿ ಎಚ್ಚರಿಸಿ ಅಫಜಲಪುರದ ತವರಿಗೆ ಹೋಗಿದ್ದಳು. ನಾನು ಕ್ಯಾಲೆಂಡರಿಗೆಂದು ಸ್ವಿಚ್ ಬೋರ್ಡಿನ ಮೇಲ್ಗಡೆಯ ಗೋಡೆಗೇ ಒಂದು ಮೊಳೆ ಹೊಡೆದೆ. ಅವತ್ತಿನಿಂದ ಸ್ವಿಚ್ ಹಾಕಿದರೆ ದೀಪ ಒಮ್ಮೆ ಹತ್ತುವುದು, ಒಮ್ಮೆ ಮಿಣಮಿಣ ಎಂದು ಆರುವುದು. ಹೆದರಿ ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಉಳಿದ ಬಣ್ಣ ಸವರಿದೆ.

ಮಹಾದೇವಿ ಬಂದವಳೇ ಶರಣಪ್ಪನವರನ್ನು ಕರೆಸಿದಳು. ಅವರು ಕಿವಿ ಹಚ್ಚಿ ಕೇಳಿ, ನನ್ನ ಕಡೆ ತಿರುಗಿದರು. "ಸರ್, ಗ್ವಾಡಿಗಿ ಮೊಳಿ ಗಿಳಿ ಹೊಡದೀರೇನ್ರಿ?"

ಮಹಾದೇವಿ ನನ್ನನ್ನೇ ನೋಡುತ್ತಿದ್ದಳು. "ಇಲ್ರಿ," ಎಂದೆ.

"ನೀವು ಕಾಲೇಜಿನಾಗ ಕಲಸೋರು. ನೀವು ಇಲ್ಲಂದ್ರ ಗ್ವಾಡಿ ಬಿಡ್ರಿ, ಬ್ಯಾರೆ ಕಡಿ ನೋಡ್ತೇನಿ."

ಮೂರು ತಾಸು ನೋಡಿದರು. ಹೊಸ ಸ್ವಿಚ್ ಹಾಕಿದರು. ಹೋಲ್ಡರು ಬದಲಿಸಿದರು. ಮೇನ್ ಇಳಿಸಿ ಒಂದೊಂದೇ ಸ್ಕ್ರೂ ಬಿಗಿ ಮಾಡಿದರು. ಪ್ರತಿ ಸಲ ದೀಪ ಹತ್ತುತ್ತಿತ್ತು, ಅವರ ಮುಖ ಅರಳುತ್ತಿತ್ತು, ಮತ್ತೆ ಆರುತ್ತಿತ್ತು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕಡೆಗೆ ಅವರು ಸ್ಟೂಲಿನಿಂದ ಇಳಿದು ಅಂಗೈ ನೋಡಿಕೊಂಡರು.

"ನಾನೇ ಎಳದ ವೈರ್ರಿ ಇವು. ನನಗ ಸಿಗವಲ್ದು. ಬ್ಯಾರೆಯವರಿಗಿ ಕರೀರಿ, ಅಕ್ಕಾರ."

ಮರುವಾರ ಮಹಾದೇವಿ ಇಲ್ಲದ ಹೊತ್ತು ನೋಡಿ ಬೇರೊಬ್ಬನನ್ನು ಕರೆದು ಪುಟ್ಟಿ ತುಂಬಿದ ಜಾಗ ತೋರಿಸಿದೆ. ಹತ್ತೇ ನಿಮಿಷದಲ್ಲಿ ಅವನು ಅರ್ಧ ಹರಿದ ವೈರನ್ನು ಎಳೆದು ತೆಗೆದ. ಬೋರ್ಡಿಗೆ ತುಕ್ಕು ಹಿಡಿದಿತ್ತೆಂದು ಹೆಂಡತಿಗೆ ಹೇಳಿದೆ. ಶರಣಪ್ಪನವರಿಗೆ ಕೆಲಸ ಮರೆತಿದೆ ಎಂದು ಬಿಲ್ಡಿಂಗಿನಲ್ಲಿ ಮಾತಾಯಿತು.

ಶರಣಪ್ಪ ಕೆಲಸ ಬಿಟ್ಟು ಅಂದೋಲಾದಲ್ಲಿ ಮಗಳ ಮನೆ ಸೇರಿದರೆಂದು ಬಸಮ್ಮನವರಿಂದ ತಿಳಿಯಿತು. ಎರಡು ತಿಂಗಳು ತಡೆದೆ. ಆಮೇಲೆ ಒಂದು ರವಿವಾರ ಹೋದೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ.

ಅವರು ಮೊರ ಪಕ್ಕಕ್ಕಿಟ್ಟರು. ಆಮೇಲೆ, "ಕೆಂಪು ವೈರೋ, ಕರೀದೋ?" ಎಂದರು.

"ಕರೀದ್ರಿ."

"ಅದಕ್ಕ ಟೆಸ್ಟರ್ ಹತ್ತತಿತ್ತು, ಕರೆಂಟ್ ಬರೋದು ಕೆಂಪಿನಾಗಲ್ರಿ," ಎಂದು ತಲೆ ಆಡಿಸಿದರು. ಬಳಿಕ ಒಳಗಿದ್ದ ಮಗಳನ್ನು ಕೂಗಿದರು. "ಗೌರಾ, ಹೊರಗ ಬಾ ಬೇ. ಸರ್, ಈಗ ಹೇಳಿದ್ದು ಇಕಿ ಮುಂದ ಇನ್ನೊಮ್ಮಿ ಹೇಳ್ರಿ."

ಹೇಳಿದೆ. ಗೌರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದಳು. "ಅಪ್ಪ ಅವತ್ತಿಂದ ನಮ್ ಮನಿ ಬಲ್ಬು ಸುದ್ದ ಮುಟ್ಟಿಲ್ರಿ," ಎಂದಷ್ಟೇ ಅಂದು ಚಹಾ ಮಾಡಲು ಒಳಗೆ ಹೋದಳು.

ಹೊರಡುವಾಗ ಶರಣಪ್ಪ ರಸ್ತೆಯ ತನಕ ಬಂದರು. "ಬಿಲ್ಡಿಂಗಿನ ಮಂದಿಗಿ ಭೀ ಹೇಳ್ರಿ, ಸರ್. ಅಷ್ಟ ಸಾಕು."

"ಹೇಳ್ತೇನ್ರಿ," ಎಂದೆ.

ನಾಳೆ ನಾಡಿದ್ದು ಎನ್ನುತ್ತ ದಿನ ತಳ್ಳಿದೆ. ಚಳಿಗಾಲದಲ್ಲಿ ಶರಣಪ್ಪ ತೀರಿಕೊಂಡರು. ಸುದ್ದಿ ಬಂದ ಸಂಜೆ ಮಹಾದೇವಿಯೂ ನಾನೂ ಪೇಟೆಯಿಂದ ಬರುವಾಗ ಬಸಮ್ಮ ಮೆಟ್ಟಿಲಲ್ಲಿ ಕೂತಿದ್ದರು.

"ಪಾಪ, ಭಾಳ ಛಲೋ ಮನಷ್ಯಾ. ಕಡೀಕ ಕೈ ಸೋತಿದ್ವು. ನಿಮ್ ಮನಿ ಸ್ವಿಚ್ ಸುದ್ದ ತಿಳೀಲಿಲ್ಲಲ್ರಿ ಅವರಿಗಿ?"

ಮಹಾದೇವಿ ಹೌದೆಂದು ನಿಟ್ಟುಸಿರಿಟ್ಟಳು. ಇಬ್ಬರೂ ನನ್ನ ಮುಖ ನೋಡಿದರು. ನಾನು ಕೈಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.