ರುಚಿ ನೋಡದ ಹಾಲಗುಂಬಳ

ಕಳೆದ ವಾರ ಪಕ್ಕದ ಮನೆಯ ತರುಣ ದಂಪತಿ ತಮ್ಮ ಮನೆಯ ಹಿಂದಿನ ಜಾಗ ನೋಡಲು ಕರೆದರು. ಎತ್ತರಕ್ಕೆ ಒಂದು ಮರ, ಮರದಡಿ ಗಿಡ, ಗಿಡದಡಿ ಸೊಪ್ಪು, ಎಲ್ಲದರ ಮೇಲೆ ಹಬ್ಬಿದ ಬಳ್ಳಿ. ಇದಕ್ಕೆ ಅವರು ಆಹಾರವನ ಎಂದು ಹೆಸರಿಟ್ಟಿದ್ದಾರೆ. ಮೊದಲ ಸಲ ಕೇಳುವವನಂತೆ ಎಲ್ಲದಕ್ಕೂ ಹೂಂಗುಟ್ಟಿದೆ. ಹೊರಡುವಾಗ ದಾರಿಗೆ ಅಡ್ಡವಾಗಿದ್ದ ಬಳ್ಳಿಯೊಂದನ್ನು ಸರಿಸಿದೆ. ಮನೆಗೆ ಬಂದು ಕೈ ತೊಳೆದ ಮೇಲೂ ಬೆರಳಲ್ಲಿ ಅದರ ವಾಸನೆ ಉಳಿದಿತ್ತು. ಸೋರೆ ಬಳ್ಳಿಯ ಎಲೆಗೆ ಹಸಿಯಾದ, ತುಸು ಘಾಟಾದ ವಾಸನೆ ಇರುತ್ತದೆ; ನೀವು ಮುಟ್ಟಿದ್ದರೆ ಗೊತ್ತಿರುತ್ತದೆ, ಇಲ್ಲವಾದರೆ ನಷ್ಟವೇನೂ ಇಲ್ಲ. ನನಗೆ ಮಾತ್ರ ಅದು ನಲವತ್ತಕ್ಕೂ ಹೆಚ್ಚು ವರ್ಷ ಹಿಂದಿನ ಒಂದು ಸೋಮವಾರವನ್ನು ತಂದು ಎದುರಿಗೆ ನಿಲ್ಲಿಸುತ್ತದೆ. ಅಪ್ಪ ಅಂದು ಬದುಕಿದ್ದು ನನ್ನಿಂದಲ್ಲ. ಸಾಯುವ ಹಾಗಾದದ್ದು ಮಾತ್ರ ನನ್ನಿಂದ.

ಬೆಟಗೇರಿಯಲ್ಲಿ ನಮ್ಮ ಮನೆಗೂ ಖಾಸಿಂಬಿ ಚಿಗವ್ವನ ಮನೆಗೂ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ಅವ್ವನನ್ನು ಅಕ್ಕಾ ಎನ್ನುತ್ತಿದ್ದಳು, ಹಾಗಾಗಿ ನನಗೆ ಚಿಗವ್ವ. ಅವಳ ಗಂಡ ಹತ್ತಿ ವ್ಯಾಪಾರಿಗಳ ಕೆಲಸದ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ ಎಂದು ತಿರುಗುತ್ತಿದ್ದ. ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಹಿತ್ತಲನ್ನು ಅವಳೊಬ್ಬಳೇ ಬೆಳೆಸಿದ್ದಳು. ಎಲ್ಲಕ್ಕಿಂತ ಎತ್ತರ ನುಗ್ಗೆ ಮರ. ಅದರ ನೆರಳು ತೆಳು, ಹಾಗಾಗಿ ಅದರಡಿ ಪೇರಲ, ನಿಂಬೆ, ಕರಿಬೇವು ನೆಮ್ಮದಿಯಾಗಿದ್ದವು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾಳೆಯ ಬುಡಕ್ಕೆ ಪುದೀನ, ಗೋಡೆಗೆ ಬಸಳೆ. ನುಗ್ಗೆಯನ್ನು ಹಿಡಿದು ಮೇಲೇರಿದ್ದು ಸೋರೆ; ನಮ್ಮ ಕಡೆ ಅದಕ್ಕೆ ಹಾಲಗುಂಬಳ ಎನ್ನುತ್ತಾರೆ. ನಲ್ಲಿಗೆ ಐದಾರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಊರದು. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ನಮಾಜಿಗೆ ಮುಂಚೆ ಕೈಕಾಲು ತೊಳೆದ ನೀರು, ಯಾವುದೂ ಆ ಹಿತ್ತಲು ದಾಟಿ ಹೋಗುತ್ತಿರಲಿಲ್ಲ.

ಕಾಯಿ ಕೊಯ್ಯುವುದಕ್ಕೆ ಅವಳದೇ ಒಂದು ಕ್ರಮವಿತ್ತು. ತೊಟ್ಟಿನ ಹತ್ತಿರ ಉಗುರಿನಷ್ಟು ಚೂರು ತೆಗೆದು ನಾಲಿಗೆಗೆ ಮುಟ್ಟಿಸಿ, ಉಗುಳಿ, ಆಮೇಲೆ ಕಾಯನ್ನು ನಮ್ಮ ಗೋಡೆಯ ಮೇಲೆ ಇಡುತ್ತಿದ್ದಳು. ಹೀರೆ, ಸೌತೆ, ಹಾಲಗುಂಬಳದ ಜಾತಿಯಲ್ಲಿ ಎಂದೋ ಒಮ್ಮೆ ಕಹಿಯೊಂದು ಹುಟ್ಟುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದು ಹಾಗಲದ ಕಹಿಯಂತಲ್ಲ. ಹಾಲಗುಂಬಳದ ಕಹಿ ವಿಷ. ತೊಟ್ಟಿನ ಬಳಿ ಆ ಗಾಯ ಕಂಡರೆ ಅವ್ವ ಕಣ್ಣು ಮುಚ್ಚಿ ಈಳಿಗೆ ಹಿಡಿಯುತ್ತಿದ್ದಳು.

ಆ ವರ್ಷ ರಂಜಾನ್ ಮತ್ತು ಶ್ರಾವಣ ಕೂಡಿಯೇ ಬಂದಿದ್ದವು. ಚಿಗವ್ವನಿಗೆ ತಿಂಗಳಿಡೀ ರೋಜಾ, ಅವ್ವನಿಗೆ ಸೋಮವಾರದ ಉಪವಾಸ. ಗೋಡೆಯ ಆಚೀಚೆ ಇದೇ ಚೇಷ್ಟೆ.

"ಅಕ್ಕಾ, ನಿಮ್ಮದೇನ ಉಪಾಸ! ಸಂಜಿಗೆ ಪೂಜಿ ಮುಗಿಯೂದ ತಡ, ಹೋಳಗಿ ಹೊಡೀತೀರಿ."

"ನೀ ನಸುಕಿನ್ಯಾಗ ಎದ್ದು ಹೊಟ್ಟಿ ಬಿರಿಯೂವಂಗ ಉಣ್ಣೂದು ನನಗ ಈ ಕಡಿಂದ ಕೇಳತೈತಿ. ಸುಮ್ನಿರು."

ಆ ಸೋಮವಾರ ಬೆಳಗ್ಗೆ ಚಿಗವ್ವ ಗೋಡೆಯ ಮೇಲೆ ಇಟ್ಟ ಕಾಯಿಗೆ ಗಾಯವಿರಲಿಲ್ಲ. "ಅಕ್ಕಾ, ಇದನ್ನ ನಾ ನೋಡಿಲ್ಲ, ರೋಜಾ ಐತಿ. ನಿಮ್ಮ ಪೈಕಿ ಯಾರರ ನೋಡ್ರಿ," ಎಂದಳು.

"ನಂದೂ ಸೋಮಾರ. ಇರಲಿ ಬಿಡು, ತಮ್ಮ ಅದಾನ," ಎಂದಳು ಅವ್ವ.

ತಮ್ಮ ಎಂದರೆ ನಾನು. ಆಗ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕಣ್ಣಾರೆ ನೋಡದ್ದನ್ನು ಬರೆಯಬೇಡ ಎಂಬುದು ನಮ್ಮ ಸಂಪಾದಕರ ಕಟ್ಟಪ್ಪಣೆ. ಅದನ್ನು ನಾನು ಎಷ್ಟು ಪಾಲಿಸುತ್ತಿದ್ದೆನೆಂದರೆ, ಬೆಟಗೇರಿಗೆ ನೀರು ಬಂದಿಲ್ಲ ಎಂಬ ನಾಲ್ಕು ಸಾಲಿಗಾಗಿ ಎರಡು ದಿನ ಓಣಿ ಓಣಿ ತಿರುಗಿ, ಒಂದೊಂದು ನಲ್ಲಿಯನ್ನೂ ತಿರುವಿ ನೋಡಿದ್ದೆ. ಅವ್ವ ಬಂದು ನನ್ನ ವಹಿಯ ಅಂಚಿಗೆ ಕಾಯಿಯ ಚೂರು ಇಟ್ಟು ಹೋದಾಗ ಬರೆಯುತ್ತಿದ್ದದ್ದು ಆ ಸುದ್ದಿಯನ್ನೇ. ಹಾಳೆ ತೇವವಾಗುತ್ತದೆಂದು ಚೂರನ್ನು ಬೆರಳಿನಿಂದ ಕೆಳಗೆ ತಳ್ಳಿದೆ.

"ಹೆಂಗೈತೋ?" ಒಳಗಿನಿಂದ ಅವ್ವ ಕೂಗಿದಳು.

"ಚಲೋ ಐತಿ," ಎಂದೆ.

ಸುದ್ದಿಯ ಲಕೋಟೆಯನ್ನು ಬಸ್ಸಿಗೆ ಕೊಡಲು ಗದಗಕ್ಕೆ ಹೋದೆ. ಎರಡು ಗಂಟೆಗೆ ಅಪ್ಪ ಊಟಕ್ಕೆ ಕೂತರು. ನಿವೃತ್ತ ಶಾಲಾ ಮಾಸ್ತರರು, ಸಕ್ಕರೆ ಕಾಯಿಲೆಯಿಂದಾಗಿ ಉಪವಾಸ ಬಿಟ್ಟವರು. ತಾಟಿನ ಮುಂದೆ ಅವರು ಮಾತಾಡುತ್ತಿರಲಿಲ್ಲ. ತಾಟಿಗೆ ಬಿದ್ದದ್ದು ಪ್ರಸಾದ, ಅದರಲ್ಲಿ ಅಗುಳು ಬಿಡುವಂತಿಲ್ಲ, ಹೆಸರಿಡುವಂತಿಲ್ಲ. ಅಂದೂ ಎರಡು ರೊಟ್ಟಿ, ಪಲ್ಯ ಎಲ್ಲ ಮುಗಿಸಿ ತಾಟು ತೊಳೆದ ನೀರು ಕುಡಿದು ಎದ್ದರಂತೆ. ಮುಖ ಮಾತ್ರ ಒಂಥರಾ ಆಗಿತ್ತು ಎಂದು ಅವ್ವ ಆಮೇಲೆ ನೆನಪು ಮಾಡಿಕೊಂಡಳು.

ಸಂಜೆ ನಾನು ಬಂದಾಗ ಮನೆಗೆ ಕೀಲಿ. ಓಣಿಯವರು ದವಾಖಾನೆಯ ದಾರಿ ತೋರಿಸಿದರು. ಮೂರು ಗಂಟೆಯಿಂದ ವಾಂತಿ, ಭೇದಿ. ಮಳೆಗಾಲದ ಸಾಮಾನ್ಯ ಕಾಯಿಲೆ ಎಂದುಕೊಂಡು ಡಾಕ್ಟರು ಸಲೈನ್ ಹಚ್ಚಿದ್ದರು. ಆರಕ್ಕೆ ವಾಂತಿಯಲ್ಲಿ ರಕ್ತ ಕಂಡಿತು. ನಾಡಿ ಕೈಗೆ ಹತ್ತುತ್ತಿರಲಿಲ್ಲ. ಅಪ್ಪ ಕರೆದರೆ ಕಣ್ಣು ತೆರೆಯುತ್ತಿದ್ದರು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

"ಮಧ್ಯಾಹ್ನ ಏನು ಉಂಡಾರ?" ಡಾಕ್ಟರು ಅವ್ವನನ್ನು ಕೇಳಿದರು.

"ರೊಟ್ಟಿ, ಹಾಲಗುಂಬಳದ ಪಲ್ಯ."

"ಕಹಿ ಇತ್ತೇನು?"

"ಇಲ್ರಿ. ಸೋಮಾರಂತ ನಾ ಬಾಯಾಗ ಇಟ್ಟಿಲ್ಲ. ಇಂವ ರುಚಿ ನೋಡ್ಯಾನ. ಚಲೋ ಇತ್ತಂತ."

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ಬೆಳಗಿನದು ಅವಸರ ಎನ್ನಬಹುದು. ಇದಕ್ಕೆ ಆ ಹೆಸರು ಹತ್ತುವುದಿಲ್ಲ. ಸುತ್ತ ಓಣಿಯ ಏಳೆಂಟು ಜನ ನಿಂತಿದ್ದರು, ಅಷ್ಟೇ ಕಾರಣ.

"ಹಂಗಾದ್ರ ಬಳ್ಳಿಗೆ ಎಣ್ಣಿ ಹೊಡದಾರ," ಎಂದರು ಡಾಕ್ಟರು. ಹತ್ತಿಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. "ಯಾರ ಮನಿ ಕಾಯಿ?"

ಬಾಗಿಲಲ್ಲಿ ನಿಂತಿದ್ದ ಖಾಸಿಂಬಿ ಚಿಗವ್ವ ಮುಂದೆ ಬಂದಳು. "ನಮ್ಮ ಹಿತ್ತಲದ್ದರಿ. ಬೂದಿ ಬಿಟ್ರ ನಾ ಏನೂ ಹಾಕಂಗಿಲ್ರಿ."

"ನಿಮ್ಮ ಮನಿಯವ್ರು ಹತ್ತಿ ಮಂದಿ ಕೂಡ ಇರ್ತಾರ. ಡಬ್ಬಿ ಮನ್ಯಾಗ ಇದ್ದಿರಬೇಕು, ನೆನಪು ಮಾಡ್ಕೊಳ್ರಿ. ಎಣ್ಣಿ ವಿಷಕ್ಕ ನನ್ನ ಹತ್ರ ಸೂಜಿ ಐತಿ. ಎಣ್ಣಿ ಅಲ್ಲಂದ್ರ ಆ ಸೂಜೀನ ಇವರನ್ನ ಮುಗಸ್ತೈತಿ. ನನಗ ಖರೆ ಹೇಳ್ರಿ, ಜಲ್ದಿ ಹೇಳ್ರಿ."

ಕಂಪೌಂಡರ್ ಸೂಜಿ ತುಂಬಿಕೊಂಡು ನಿಂತಿದ್ದ. ಹಿಂದಿನಿಂದ ಯಾರೋ "ಆ ಹಿತ್ತಲದಾಗ ಏನೇನ ಹಚ್ಯಾಳೋ ಯಾರಿಗೆ ಗೊತ್ತು," ಎಂದರು. ಚಿಗವ್ವ ಅವ್ವನ ಸೆರಗಿನಿಂದ ಕೀಲಿ ಬಿಚ್ಚಿಕೊಂಡು ಹೊರಗೆ ಓಡಿದಳು.

ನಮ್ಮ ಮನೆ ಅಲ್ಲಿಂದ ಎರಡೇ ಓಣಿ. ಅವಳು ಹೋಗಿ ಬರುವವರೆಗೆ ಬಾಯಿ ತೆರೆಯಲು ನನಗೆ ಸಮಯವಿತ್ತು. ಸಲೈನ್ ಬಾಟಲಿಯ ಹನಿಗಳನ್ನು ನೋಡುತ್ತ ನಿಂತೆ.

ಅಡುಗೆಗೆ ಹೆಚ್ಚಿ ಉಳಿದಿದ್ದ ಅರ್ಧ ಹಾಲಗುಂಬಳವನ್ನು ಅವಳು ಉಡಿಯಲ್ಲಿಟ್ಟು ತಂದಿದ್ದಳು. ಡಾಕ್ಟರ ಎದುರಿಗೇ ಒಂದು ತುಂಡು ಮುರಿದಳು. "ನೋಡ್ರಿ. ಎಣ್ಣಿ ಇದ್ರ ನಾನೂ ಬೀಳ್ತೀನಿ."

"ಖಾಸಿಂಬೀ, ಬಾಂಗ ಆಗಾಕ ಇನ್ನೂ ಹೊತ್ತೈತಿ. ರೋಜಾ ಮುರೀಬ್ಯಾಡ," ಅವ್ವ ಅವಳ ಕೈ ಹಿಡಿದಳು.

"ರೋಜಾ ಮತ್ತ ಹಿಡಿಯಾಕ ಬರತೈತಿ ಅಕ್ಕಾ. ಮಾಸ್ತರ್ರು ಮತ್ತ ಬರೂದಿಲ್ಲ."

ತುಂಡು ಅವಳ ತುಟಿಯ ಹತ್ತಿರ ಹೋಗಿತ್ತು. ನಾನು ಕಿತ್ತುಕೊಂಡು ನನ್ನ ಬಾಯಿಗೆ ಹಾಕಿಕೊಂಡೆ. ಒಂದೇ ಸಲ ಅಗಿದೆ. ಅದನ್ನು ಬರೀ ಕಹಿ ಎನ್ನಲಾಗದು. ನಾಲಿಗೆಯನ್ನು ಯಾರೋ ಹಿಂಡಿದಂತಾಯಿತು, ಕಿವಿಯ ಬುಡದವರೆಗೆ ಹತ್ತಿತು. ಬೇಸಿನ್ನಿಗೆ ಉಗುಳಿದೆ.

"ಕಹಿ ಐತ್ರಿ. ಮುಂಜಾನೆ ನಾ ನೋಡಿರಲಿಲ್ಲ. ಈಗ ಗೋಣು ಹಾಕಿದ್ದೂ ಸುಳ್ಳು."

ಡಾಕ್ಟರು ಕಂಪೌಂಡರನಿಗೆ "ಆ ಸೂಜಿ ಇಡು. ಇನ್ನೊಂದು ಕೈಗೂ ಸಲೈನ್ ಹಚ್ಚು," ಎಂದರು. ಆಮೇಲೆ ನನಗೆ, ದನಿ ಏರಿಸದೆ, "ಪೇಪರಿನವ್ರ, ಇನ್ನೊಂದೀಟು ತಡಾ ಮಾಡಿದ್ರ ಇದರ ಸುದ್ದಿ ನೀವ ಬರೀಬೇಕಾಗತಿತ್ತು," ಎಂದರು. ಮಸೀದಿಯಿಂದ ಸಂಜೆಯ ಬಾಂಗಿನ ದನಿ ಕೇಳಿದಾಗ ಚಿಗವ್ವ ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕಂಪೌಂಡರ್ ಕೊಟ್ಟ ನೀರಿನಲ್ಲಿ ರೋಜಾ ಬಿಟ್ಟಳು. ಅವಳು ನನ್ನ ಕಡೆ ನೋಡಲಿಲ್ಲ. ಅವ್ವನೂ ಬೈಯಲಿಲ್ಲ, ಬೈದಿದ್ದರೆ ಇದನ್ನು ಇಷ್ಟು ವರ್ಷ ಬಿಟ್ಟು ಬರೆಯಬೇಕಾಗುತ್ತಿರಲಿಲ್ಲವೇನೋ.

ಮರುದಿನ ಬೆಳಗ್ಗೆ ನಾಡಿ ಸರಿಯಾಗಿ ಸಿಕ್ಕಿತು. ಮೂರನೆಯ ದಿನ ಅಪ್ಪ ಮಾತಾಡಿದರು. ಅಷ್ಟು ಕಹಿಯನ್ನು ಹೇಗೆ ತಿಂದಿರಿ ಎಂದು ಡಾಕ್ಟರು ಕೇಳಿದಾಗ, "ಸಕ್ರಿ ಬ್ಯಾನಿಗೆ ಕಹಿ ಚಲೋ ಅಂತಾರಲ್ರಿ," ಎಂದರು. ಪ್ರಸಾದದ ಮಾತನ್ನು ಅವರಿಗೆ ಹೇಳಲಿಲ್ಲ.

ಕಹಿ ಎಲ್ಲಿಂದ ಬಂತೆಂಬುದು ತಿಳಿದದ್ದು ಚಿಗವ್ವನ ಅಣ್ಣ ಬಂದಾಗ. ಅವನದು ಮುಂಡರಗಿ ಕಡೆ ತುಂಗಭದ್ರೆಯ ದಂಡೆಯ ಊರು. ಅಲ್ಲಿ ಒಣಗಿದ ಹಾಲಗುಂಬಳದ ಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊಳೆ ಈಸುತ್ತಾರೆ. ಅದಕ್ಕೆಂದೇ ಕಹಿ ಜಾತಿ ಬೆಳೆಸುತ್ತಾರೆ. ಕಹಿಗೆ ಹುಳ ಹತ್ತುವುದಿಲ್ಲ. ಹಿಂದಿನ ಬೇಸಗೆಯಲ್ಲಿ ಸೀಳು ಬಿಟ್ಟ ಅಂಥ ಬುರುಡೆಯೊಂದನ್ನು ಅವನು ತಂಗಿಗೆ ಬೀಜ ಇಡಲು ಕೊಟ್ಟಿದ್ದ. ಅದರ ಒಳಗೋಡೆಗೆ ಅಂಟಿಕೊಂಡಿದ್ದ ಹಳೆಯ ಬೀಜಗಳು ಇವಳ ಸಿಹಿ ಬೀಜದೊಂದಿಗೆ ಬೆರೆತು ಮಣ್ಣಿಗೆ ಬಿದ್ದಿದ್ದವು. ನುಗ್ಗೆಯ ಮೇಲೆ ಎರಡು ಬಳ್ಳಿ ಹೆಣೆದುಕೊಂಡಿದ್ದವು. ಯಾವ ಕಾಯಿ ಯಾವುದರದು ಎಂದು ಬೇರ್ಪಡಿಸಲಾಗದೆ ಎರಡನ್ನೂ ಬುಡಕ್ಕೇ ಕತ್ತರಿಸಿದಳು.

"ತಪ್ಪು ನಂದ ಅಕ್ಕಾ. ಬೀಜ ನಂದು," ಎಂದಳು, ನಮ್ಮ ಪಡಸಾಲೆಯಲ್ಲಿ ಕೂತು.

"ಒಲಿ ನಂದಲಾ?" ಎಂದಳು ಅವ್ವ.

"ನಾಲಿಗಿ ನಂದು," ಎಂದರು ಅಪ್ಪ, ಹೊರಸಿನ ಮೇಲಿನಿಂದ.

ನಾನು ಬಾಯಿ ತೆರೆದೆ. "ನೀ ಸುಮ್ನ ಕುಂಡ್ರು, ನಿಂದು ಹೇಳಿ ಆಗೇತಿ," ಎಂದಳು ಅವ್ವ. ಚಿಗವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ಮನೆಯಲ್ಲಿ ಎಂಟು ದಿನಗಳ ನಂತರ ಕೇಳಿದ ನಗು ಅದು.

ಅದರ ಮರುದಿನ ಅಪ್ಪ ಎದ್ದು ತಾಟಿನ ಮುಂದೆ ಕೂತರು. ಅವ್ವ ಮೆತ್ತಗಿನ ಅನ್ನ, ಬೇಳೆಯ ಕಟ್ಟು ಬಡಿಸಿದಳು. ಅಪ್ಪ ಮುಟ್ಟಲಿಲ್ಲ. ತಾಟನ್ನು ನನ್ನ ಕಡೆ ಸರಿಸಿ, ಕೈ ತೊಡೆಯ ಮೇಲಿಟ್ಟು ಕಾದರು. ಒಂದು ತುತ್ತು ಉಂಡೆ.

"ಹೆಂಗೈತಿ?" ಅಪ್ಪ ಕೇಳಿದರು.

"ಉಪ್ಪು ಕಡಿಮಿ ಐತಿ."

ಅಪ್ಪ ಅವ್ವನ ಕಡೆ ತಿರುಗಿ, "ಉಪ್ಪು ತಾ," ಎಂದರು. ತಾವು ರುಚಿ ನೋಡಲಿಲ್ಲ.

ಅವರು ಇರುವವರೆಗೂ, ನಾನು ಮನೆಯಲ್ಲಿದ್ದ ದಿನವೆಲ್ಲ, ಇದು ನಡೆಯಿತು. ನನ್ನನ್ನು ನಂಬಿದ್ದಕ್ಕೋ, ನಂಬದ್ದಕ್ಕೋ, ಕೇಳಲಿಲ್ಲ. ಕೇಳುವುದೇ ನನ್ನ ಕಸುಬಾಗಿದ್ದರೂ. ಈಗ ನನ್ನ ಮನೆಯಲ್ಲಿ ಮೊದಲ ತುತ್ತು ನನ್ನದೇ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಇದು ಹೊಟ್ಟೆಬಾಕತನ ಎನಿಸಿತ್ತು. ಈಗ ಪಲ್ಯ ಇಳಿಸಿದ ಕೂಡಲೇ ಅವಳೇ ಕರೆಯುತ್ತಾಳೆ, ಉತ್ತರ ಬರುವವರೆಗೆ ಸೌಟು ಹಿಡಿದು ನಿಲ್ಲುತ್ತಾಳೆ, ಎಷ್ಟು ಹೊತ್ತು ಎಂದು ಗೊಣಗುತ್ತಾಳೆ. ನಾನು ಪೂರ್ತಿ ಅಗಿದು, ನುಂಗಿ, ಆಮೇಲೆ ಹೇಳುತ್ತೇನೆ. ಚೆನ್ನಾಗಿದೆ ಎನ್ನಲು ನನಗೆ ಬೇರೆಯವರಿಗಿಂತ ತುಸು ಹೆಚ್ಚು ಹೊತ್ತು ಬೇಕು.