ದಾಟಿದವರು ವಾಪಸ್ ದಾಟಬೇಕು

ಯುದ್ಧದ ಕಾಲ. ಮಂಡ್ಯದ ಹತ್ತಿರ, ಹೊಳಲಿನ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಡ್ರಿಲ್ ಹೇಳಿಕೊಡುವ ಕೆಲಸ ನನ್ನದು. ಓಡು ಅಂದರೆ ಓಡುತ್ತಿದ್ದವು. ನೆಗೆ ಅಂದರೆ ಮಾತ್ರ ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದವು. ಹಗ್ಗ ಕಟ್ಟಿದರೆ ಕೆಳಗೆ ನುಸುಳಿದವು. ಕೊನೆಗೆ ಒಂದು ಕಬ್ಬಿನ ಜಲ್ಲೆ ಅಡ್ಡ ಇಟ್ಟೆ. ಮೊದಲು ಓಡಿಬಂದ ನಿಂಗ ಆ ಜಲ್ಲೆಯನ್ನೇ ಎತ್ತಿಕೊಂಡು, ಅಲ್ಲೇ ಮರಳಲ್ಲಿ ಅಂಗಾತ ಮಲಗಿ ಸಿಗಿಯತೊಡಗಿದ!

ಹಿಂದೆ ಬರುತ್ತಿದ್ದ ಪುಟ್ಟಿಗೆ ನಿಲ್ಲಲಾಗಲಿಲ್ಲ. ನಿಂಗನ ಮೇಲೇ ಹಾರಿಬಿಟ್ಟಳು! ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಇಡೀ ಕ್ಲಾಸೇ ಹಾರಿತು. ಸಂತೋಷಕ್ಕೆ ನಾನೂ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಬೇಲಿಯಾಚೆಯಿಂದ ನಿಂಗನ ಅಜ್ಜಿ ಕೂಗಿಕೊಂಡು ಓಡಿಬಂದಳು. "ಅಯ್ಯೋ, ಮಲ್ಗಿರೋ ಮಗೀನ ದಾಟ್ಬುಟ್ರಲ್ಲಾ! ಇನ್ನ ಅವ್ನು ಬೆಳಿಯಾಕಿಲ್ಲ ಕಣ್ ಮೇಷ್ಟ್ರೇ! ದಾಟ್ದೋರೆಲ್ಲ ವಾಪಸ್ ದಾಟ್ಬೇಕು. ಇಲ್ದಿದ್ರೆ ನಾಳಿಂದ ಇಸ್ಕೂಲಿಗೆ ಕಳ್ಸಾಕಿಲ್ಲ!"

"ವಾಪಸ್ ದಾಟ್ರೋ!" ಅಂದೆ. ಹೋ ಎಂದು ಕೂಗುತ್ತಾ ಎಲ್ಲರೂ ಆ ಕಡೆಯಿಂದ ಈ ಕಡೆಗೆ ಹಾರಿದರು, ಮೊದಲಿಗಿಂತ ಎತ್ತರವಾಗಿ. ಅಳುಕಿದವರ ರಟ್ಟೆ ಹಿಡಿದು ಅಜ್ಜಿಯೇ "ನೆಗಿ ಕಣ್ಲಾ, ನೆಗಿ!" ಅಂತ ಹಾರಿಸಿದಳು. ನಿಂಗ ಮಾತ್ರ ಕಬ್ಬು ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಅಜ್ಜಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನಾನು ಕುಳ್ಳ, ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನಿಮ್ಮನ್ನ ದಾಟ್ದೋರು ವಾಪಸ್ ದಾಟ್ನಿಲ್ಲ ಅಂತ ಕಾಣ್ತದೆ ಕಣಪ್ಪ" ಅಂದಳು.

ನಮ್ಮಣ್ಣ ಆರಡಿ ಆಳು. ಅವತ್ತಿನಿಂದ ನನಗೆ ಅವನ ಮೇಲೇ ಅನುಮಾನ.