ಕಲ್ಲಿನ ಮಾತು ಕೇಳುತ್ತಿದ್ದ ಯಾಕಪ್ಪ

ಮದುವೆಯಾದ ಹೊಸದರಲ್ಲೇ ಅವಳಿಗೆ ಗೊತ್ತಾಗಿಹೋಯಿತು, ಈ ಮನುಷ್ಯನ ಬಾಯಲ್ಲಿ ಮಾತಿಗಿಂತ ಪ್ರಶ್ನೆ ಜಾಸ್ತಿ ಎಂದು. ಮೊದಲ ಸಲ ಇಬ್ಬರೇ ಅಡುಗೆಮನೆಯಲ್ಲಿ ಕೂತಿದ್ದರು. ಚಹಾಕ್ಕೆ ನೀರು ಇಟ್ಟಿತ್ತು. ಏನೋ ಒಳ್ಳೆಯ ಮಾತು ಆಡುತ್ತಾನೆ ಅಂದುಕೊಂಡು ಅವಳು ಸೆರಗು ಸರಿ ಮಾಡಿಕೊಂಡಳು. ಅವನು ಪಾತ್ರೆಯನ್ನೇ ನೋಡುತ್ತಿದ್ದ.

"ನೀರು ಕುದಿಯೋ ಮೊದಲು ಸುಂಯ್ ಅಂತ ಹಾಡುತ್ತೆ. ಚೆನ್ನಾಗಿ ಕುದಿಯೋಕೆ ಹತ್ತಿದ ಮೇಲೆ ಆ ಹಾಡು ನಿಂತುಹೋಗುತ್ತೆ. ಯಾಕೆ?"

"ನನಗೇನು ಗೊತ್ತು. ಚಹಾಪುಡಿ ಹಾಕ್ಲಾ ಬೇಡ್ವಾ?"

"ಸ್ವಲ್ಪ ತಾಳು. ಇನ್ನೊಂದು ಸಲ ಕೇಳೋಣ."

ಆ ನೀರು ಅರ್ಧ ಹಬೆಯಾಗಿ ಹೋಯಿತು. ಚಹಾ ಇಬ್ಬರಿಗೆ ಸಾಲಲಿಲ್ಲ.

ಅವನು ಬೀದಿಯ ಮೂಲೆಯ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಿರಣಿ ಬೇರೆಯವರದು, ಕಲ್ಲು ಮಾತ್ರ ಇವನದು ಎನ್ನುವ ಹಾಗೆ ನೋಡಿಕೊಳ್ಳುತ್ತಿದ್ದ. ಒಂದೇ ಕೋಣೆ. ಕಿಟಕಿಗೆ ಜಾಲರಿ, ಜಾಲರಿಯ ತುಂಬ ಹಿಟ್ಟು. ನಡುವೆ ಬೀಸುವ ಕಲ್ಲು, ಅದರ ಮೇಲೆ ಕಾಳು ಸುರಿಯುವ ಮರದ ತೊಟ್ಟಿ, ತೊಟ್ಟಿಯನ್ನು ಹೊತ್ತ ನಾಲ್ಕು ಮರದ ಕಂಬ. ಗೋಡೆಗೆ ಒಂದು ಬೆಂಚು. ಸಂಜೆ ಮನೆಗೆ ಬರುವಾಗ ಅವನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ. ಚಿಕ್ಕ ವಯಸ್ಸಿನಲ್ಲೇ ಮುದುಕನ ಹಾಗೆ ಕಾಣುತ್ತಿದ್ದ. ನಿಜವಾಗಿ ಮುದುಕನಾದಾಗ ಯಾರಿಗೂ ಗೊತ್ತಾಗಲೇ ಇಲ್ಲ.

ಯಾಕಪ್ಪ ಎಂದು ಹೆಸರಿಟ್ಟವರು ಬೆಂಚಿನ ಮೇಲೆ ಡಬ್ಬ ಇಟ್ಟುಕೊಂಡು ಕಾಯುವ ಹೆಂಗಸರು. ಕಾಯುವವರನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. ತಣ್ಣಗಿನ ಗೋಧಿ ಹಾಕಿದರೆ ಹಿಟ್ಟು ಯಾಕೆ ಬಿಸಿಯಾಗಿ ಬರುತ್ತದೆ? ಹಿಟ್ಟಿನ ಗುಡ್ಡೆ ಸಣ್ಣದಿರಲಿ ದೊಡ್ಡದಿರಲಿ, ಅದರ ಇಳಿಜಾರು ಯಾಕೆ ಒಂದೇ ಥರ? ಒದ್ದೆ ಬಟ್ಟೆಯ ಬಣ್ಣ ಯಾಕೆ ಗಾಢವಾಗಿ ಕಾಣುತ್ತದೆ, ನೀರಿಗೆ ಬಣ್ಣ ಇಲ್ಲವಲ್ಲ?

"ಅಣ್ಣಾ, ಹಿಟ್ಟು ಬೀಸಿಕೊಡ್ತೀಯೋ, ಪರೀಕ್ಷೆ ಮಾಡ್ತೀಯೋ?" ಎಂದು ಒಬ್ಬಳು ರೇಗಿಸುವಳು.

"ಎರಡೂ. ಪಾಸಾಗದಿದ್ರೆ ನುಚ್ಚು ಕೊಟ್ಟು ಕಳಿಸ್ತೀನಿ."

ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಅಲ್ಲೇ ಉಳಿದು ಜರಡಿ ಹಿಡಿಯುತ್ತಿದ್ದಳು. ಅವಳು ಶಾಲೆಗೆ ಹೋದದ್ದು ಕಡಿಮೆ. ಗೊತ್ತಿಲ್ಲ ಎನ್ನುವುದು ಅವಳ ಖಾಯಂ ಉತ್ತರ. ಒಂದು ದಿನ ಅವನು ಒಂದು ಡಬ್ಬದಲ್ಲಿ ಬಿಳಿ ಕಾಳು, ಇನ್ನೊಂದರಲ್ಲಿ ಕೆಂಪು ಕಾಳು, ಸಮಸಮ ತುಂಬಿ ಮುಂದಿಟ್ಟ. ಒಂದು ಲೋಟ ಬಿಳಿ ಕಾಳು ತೆಗೆದು ಕೆಂಪಿಗೆ ಹಾಕಿ ಕಲಸಿದ. ಆ ಕಲಬೆರಕೆಯಿಂದ ಒಂದು ಲೋಟ ತೆಗೆದು ಬಿಳಿಗೆ ಸುರಿದ.

"ಈಗ ಹೇಳಿ. ಬಿಳಿಯಲ್ಲಿ ಸೇರಿದ ಕೆಂಪು ಜಾಸ್ತಿಯಾ, ಕೆಂಪಿನಲ್ಲಿ ಉಳಿದ ಬಿಳಿ ಜಾಸ್ತಿಯಾ?"

ಬೆಂಚು ಎರಡು ಪಕ್ಷವಾಯಿತು. ಹೋದದ್ದು ಬರೀ ಬಿಳಿ, ಬಂದದ್ದು ಕಲಬೆರಕೆ, ಅಂದಮೇಲೆ ಕೆಂಪಿನ ಡಬ್ಬವೇ ಹೆಚ್ಚು ಕೆಟ್ಟಿತು ಎಂದು ಹೆಂಡತಿಯೂ ಬಾಯಿ ಹಾಕಿದಳು. ಅವನು ಡಬ್ಬಗಳನ್ನು ಅವರ ಮುಂದೆ ತಳ್ಳಿದ. ಹೆಂಗಸರು ಆರಿಸಿ ಅಳೆದರು. ಎರಡೂ ಸಮ.

"ಮೊದಲಷ್ಟೇ ಕಾಳು ಈಗಲೂ ಎರಡು ಡಬ್ಬದಲ್ಲೂ ಇದೆ. ಇಲ್ಲಿಂದ ಎಷ್ಟು ಬಿಳಿ ಹೋಗಿ ವಾಪಸ್ ಬರಲಿಲ್ಲವೋ, ಆ ಜಾಗದಲ್ಲಿ ಅಷ್ಟೇ ಕೆಂಪು ಕೂತಿದೆ. ಅಷ್ಟೇ," ಅಂದ.

"ಅಷ್ಟೇ ಅಂತೆ. ಇನ್ನು ಈ ಕಾಳನ್ನ ಮತ್ತೆ ಡಬ್ಬಕ್ಕೆ ತುಂಬೋರು ಯಾರು?" ಅಂದಳು ಹೆಂಡತಿ. ತುಂಬಿದವಳು ಅವಳೇ.

ಎಲ್ಲ ಸಲ ಅವನು ಸರಿ ಹೇಳುತ್ತಿದ್ದ ಅಂತಲ್ಲ. ಒಂದು ಬೇಸಿಗೆಯಲ್ಲಿ ಅವಳ ತಮ್ಮ ಊಟಕ್ಕೆ ಬಂದ. ಸೆಖೆ ಎಂದರೆ ಸೆಖೆ. ಯಾಕಪ್ಪ ಕಿಟಕಿ ಬಾಗಿಲು ಎಲ್ಲ ಮುಚ್ಚಿ, ಹೊಸದಾಗಿ ಬಂದ ಫ್ರಿಜ್ಜಿನ ಬಾಗಿಲು ಪೂರ್ತಿ ತೆರೆದಿಟ್ಟ. ಇನ್ನು ಸ್ವಲ್ಪ ಹೊತ್ತಿಗೆ ಕೋಣೆ ತಂಪಾಗುತ್ತದೆ, ಕಂಬಳಿ ತೆಗೆದಿಟ್ಟುಕೊಳ್ಳಿ ಅಂದ. ಮೂವರೂ ಅದರ ಮುಂದೆ ಸಾಲಾಗಿ ಕೂತರು. ಫ್ರಿಜ್ಜು ಗುರ್ ಎನ್ನುತ್ತಲೇ ಇತ್ತು. ತಮ್ಮನ ಅಂಗಿ ಬೆನ್ನಿಗೆ ಅಂಟಿತು.

"ಭಾವ, ಮುಖಕ್ಕೆ ತಂಪು, ಮೈಗೆ ಬೆಂಕಿ. ನನ್ನನ್ನ ಊಟಕ್ಕೆ ಕರೆದ್ರೋ, ಬೇಯಿಸೋಕೆ ಕರೆದ್ರೋ?"

ಯಾಕಪ್ಪ ಎದ್ದು ಫ್ರಿಜ್ಜಿನ ಹಿಂದೆ ಕೈ ಇಟ್ಟ. ಸುಟ್ಟ ಕೈ ಎಳೆದುಕೊಂಡು ಮಗುವಿನ ಹಾಗೆ ನಕ್ಕ. "ಇದು ತಂಪನ್ನ ಹುಟ್ಟಿಸಲ್ಲ ಕಣೇ. ಮುಂದಿನ ಬಿಸಿ ತೆಗೆದು ಹಿಂದೆ ಎಸೆಯುತ್ತೆ. ಜೊತೆಗೆ ತನ್ನ ಮೋಟಾರಿನ ಬಿಸಿ ಬೇರೆ. ಒಂದೇ ಕೋಣೆಯಲ್ಲಿ ಎಸೆದ್ರೆ ಕೋಣೆ ಕಾಯದೆ ಏನಾಗುತ್ತೆ." ತಪ್ಪಿದಾಗ ಅವನಿಗೆ ಇನ್ನೂ ಖುಷಿ. ಹಾಲು ಒಡೆದುಹೋಗಿತ್ತು. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಹೀಗೇ ವರ್ಷಗಳು ಹೋದವು. ಮಕ್ಕಳಾಗಲಿಲ್ಲ. ಮನೆಯಲ್ಲಿ ಸದ್ದು ಎಂದರೆ ಅವನ ಯಾಕೆ, ಅವಳ ಗೊತ್ತಿಲ್ಲ.

ಆಮೇಲೆ ಅವನ ಕಿವಿ ಹೋಯಿತು.

ಒಂದೇ ಸಲ ಹೋಗಲಿಲ್ಲ. ಮೊದಲು ಬಾಗಿಲು ತಟ್ಟಿದ್ದು ಕೇಳಲಿಲ್ಲ. ಆಮೇಲೆ ಬೆಂಚಿನ ಹೆಂಗಸರ ಉತ್ತರ ಕೇಳಲಿಲ್ಲ. ಏನಂದೆ, ಏನಂದೆ ಎನ್ನುತ್ತಿದ್ದ. ಅವರು ಕೂಗಿ ಹೇಳಿದರು, ಮತ್ತೂ ಕೂಗಿದರು, ಕೊನೆಗೆ ಕೈಸನ್ನೆ ಮಾಡಿ ನಕ್ಕು ಸುಮ್ಮನಾದರು. ಕಿವಿಯ ಡಾಕ್ಟರು ದೀಪ ಹಾಕಿ ನೋಡಿ, ಒಳಗಿನ ಪುಟ್ಟ ಮೂಳೆಗಳು ಬಿಗಿದುಕೊಂಡಿವೆ ಅಂದರು. ಆಪರೇಷನ್ನು ಮಾಡಬಹುದು, ಕೇಳಿಸಿಯೇ ಕೇಳಿಸುತ್ತದೆ ಎಂದು ಮಾತು ಕೊಡೋಕಾಗಲ್ಲ ಅಂದರು. ಅವನು ಬೇಡ ಅಂದ. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಅದರೊಳಗೆ ಹಿಟ್ಟು ಹೋಗಿ, ಕೀ ಎಂದು ಕೂಗಿ, ಅದೂ ಸತ್ತಿತು.

ಪ್ರಶ್ನೆಗಳು ನಿಂತುಹೋದವು. ಉತ್ತರ ಕೇಳಿಸದವನು ಪ್ರಶ್ನೆ ಕೇಳಿ ಏನು ಮಾಡಬೇಕು? ಮನೆಗೆ ಬರುವನು, ಉಣ್ಣುವನು, ಗೋಡೆ ನೋಡುವನು. ಒಲೆಯ ಮೇಲೆ ನೀರು ಹಾಡಿದರೆ ತಲೆ ಎತ್ತುತ್ತಿರಲಿಲ್ಲ. ಇಷ್ಟು ವರ್ಷ ತಲೆ ತಿಂದವನು ಈಗ ಬಾಯಿಗೆ ಬೀಗ ಹಾಕಿಕೊಂಡ. ಅವಳಿಗೆ ಊಟ ಸೇರಲಿಲ್ಲ. ದೇವರ ಮುಂದೆ ಕೂತು ಅವಳು ಬೇಡಿದ್ದು ಅವನ ಕಿವಿಯನ್ನಲ್ಲ. ಒಂದು ಸಲ ಯಾಕೆ ಅನ್ನಲಿ ಸಾಕು ಎಂದು ಬೇಡಿದಳು.

ಅಷ್ಟರಲ್ಲಿ ಗಿರಣಿಯ ಯಜಮಾನ ಅವಳನ್ನು ಕರೆದ.

"ಅಮ್ಮಾ, ನಿನ್ನ ಗಂಡ ನಿಂತೇ ನಿದ್ದೆ ಮಾಡ್ತಾನೆ. ಕಂಬಕ್ಕೆ ಮುಖ ಆನಿಸಿ ಕಣ್ಣು ಮುಚ್ಚಿಬಿಡ್ತಾನೆ. ಆದ್ರೂ ಇವತ್ತಿನವರೆಗೆ ಒಂದು ಸಲ ಕಲ್ಲು ಸುಡಲಿಲ್ಲ. ಅದು ಹೇಗೆ ಅಂತ ನನಗೆ ಅರ್ಥ ಆಗ್ತಿಲ್ಲ."

ತೊಟ್ಟಿಯಲ್ಲಿ ಕಾಳು ಮುಗಿದರೆ ಕಲ್ಲಿಗೆ ಕಲ್ಲು ಉಜ್ಜುತ್ತದೆ, ದನಿ ಕೀರಲಾಗುತ್ತದೆ. ಆ ದನಿ ಕೇಳಿದ ಕೂಡಲೇ ಮೋಟಾರು ನಿಲ್ಲಿಸಬೇಕು. ಜರಡಿ ಹಿಡಿದವಳಿಗೆ ಅದು ಗೊತ್ತು. ಹಾಗಾದರೆ ಇವನಿಗೆ ಕೇಳಿಸುತ್ತದೆ.

ಮರುದಿನ ಮೂಟೆಗಳ ಹಿಂದೆ ನಿಂತು ನೋಡಿದಳು. ಯಜಮಾನ ಹೇಳಿದ ಹಾಗೇ ಅವನು ಕಂಬಕ್ಕೆ ದವಡೆ ಆನಿಸಿ ಕಣ್ಣು ಮುಚ್ಚಿದ. ತೊಟ್ಟಿ ಖಾಲಿಯಾಗುತ್ತ ಬಂತು. ಕಲ್ಲಿನ ದನಿ ಒಂದಿಷ್ಟು ಏರಿತು. ಕಣ್ಣು ತೆರೆಯದೆಯೇ ಕೈ ಚಾಚಿ ಸ್ವಿಚ್ಚು ಆರಿಸಿದ.

ಅವಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವನ ಎದುರು ನಿಂತು ಬಾಯಿಗೆ ಬಂದ ಹಾಗೆ ಬೈದಳು.

"ಕಲ್ಲಿನ ಮಾತು ಕೇಳುತ್ತೆ. ಹೆಂಡತಿ ಮಾತು ಕೇಳಲ್ಲ. ನಾಟಕ ಆಡ್ತೀರಾ? ನಾನು ಅಷ್ಟು ಬೇಜಾರಾಗಿಬಿಟ್ನಾ ನಿಮಗೆ?"

ಅವನು ಅವಳ ಬಾಯನ್ನೇ ನೋಡಿದ. ಬೈಯುತ್ತಿದ್ದಾಳೆ ಎಂದಷ್ಟೇ ಗೊತ್ತಾಯಿತು. "ಉಪ್ಪು ಜಾಸ್ತಿಯಾಗಿದ್ರೂ ಪರವಾಗಿಲ್ಲ, ಊಟ ಹಾಕು," ಅಂದ. ಅವನು ಆಚೆ ತಿರುಗಿದಾಗ ಅವಳು ಬೆನ್ನ ಹಿಂದೆ ತಟ್ಟೆ ಎತ್ತಿ ನೆಲಕ್ಕೆ ಹಾಕಿದಳು. ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು. ಅವನು ತಿರುಗಲಿಲ್ಲ.

ನಾಟಕ ಅಲ್ಲ. ಹಾಗಾದರೆ ಏನು?

ಜನ್ಮದಲ್ಲಿ ಮೊದಲ ಸಲ ಅವಳು ಒಂದು ಯಾಕೆ ಹಿಡಿದು ಕೂತಳು. ಅನ್ನ ಬೇಯಿಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ಮಾರನೆಯ ದಿನ ಅವನು ಮೂಟೆ ಇಳಿಸಿಕೊಳ್ಳಲು ಹೊರಗೆ ಹೋದಾಗ, ಕಲ್ಲು ತಿರುಗುತ್ತಿರುವಾಗಲೇ, ಕಂಬಕ್ಕೆ ತಾನೂ ದವಡೆ ಆನಿಸಿದಳು. ಏನೂ ಬೇರೆ ಅನಿಸಲಿಲ್ಲ. ಗಿರಣಿ ಹೇಗೂ ಗಡಗಡ ಅನ್ನುತ್ತಿತ್ತು. ಆಗ ಅವನ ಹಾಗೆ ಆಗಿ ನೋಡಬೇಕು ಅನಿಸಿತು. ಎರಡೂ ಕಿವಿಗೆ ಬೆರಳು ತುರುಕಿಕೊಂಡಳು. ಗಿರಣಿ ದೂರ ಹೋಯಿತು. ದವಡೆ ಆನಿಸಿದಳು. ಕಲ್ಲು ಅವಳ ತಲೆಯೊಳಗೇ ತಿರುಗತೊಡಗಿತು. ಹಲ್ಲಿನಲ್ಲಿ ಬಂತು, ಕೆನ್ನೆಯ ಮೂಳೆಯಲ್ಲಿ ಬಂತು. ದವಡೆ ತೆಗೆದಳು, ಹೋಯಿತು. ಇಟ್ಟಳು, ಬಂತು.

ಬೆಂಚಿನ ಮೇಲಿದ್ದವಳು ಕೂಗಿ ಕೇಳಿದಳು, "ಅಕ್ಕಾ, ನಿನಗೂ ಹಿಡೀತಾ ಅಣ್ಣನ ರೋಗ?"

ಅವಳು ಜರಡಿ ಅಲ್ಲೇ ಬಿಟ್ಟು ಮನೆಗೆ ನಡೆದಳು.

ಸಂಜೆ ಅವನು ಕೈಕಾಲು ತೊಳೆದು ಬಂದಾಗ ಲಟ್ಟಣಿಗೆಯ ಒಂದು ತುದಿಯನ್ನು ಅವನ ಬಾಯಿಗೆ ತುರುಕಿದಳು. ಕಚ್ಚಿ ಹಿಡಿಯಿರಿ ಎಂದು ತನ್ನ ಹಲ್ಲು ಕಚ್ಚಿ ತೋರಿಸಿದಳು. ಅವನು ಹೆದರಿಕೊಂಡೇ ಕಚ್ಚಿದ. ಇನ್ನೊಂದು ತುದಿಯನ್ನು ತನ್ನ ಗಂಟಲಿಗೆ ಒತ್ತಿಕೊಂಡಳು. ಏನು ಹೇಳಬೇಕು ಎಂದು ಯೋಚಿಸಿಯೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದಳು.

"ಸೋಪು ತರೋದು ಮರೆತು ಬಂದಿದ್ದೀರಿ."

ಅವನ ಕಣ್ಣು ದೊಡ್ಡದಾಯಿತು. ಲಟ್ಟಣಿಗೆ ಬಾಯಿಂದ ಜಾರಿ ಕಾಲ ಮೇಲೆ ಬಿತ್ತು. "ಸೋಪು ತಾ ಅಂತ ಬೆಳಗ್ಗೆ ಹೇಳ್ಬಾರದಿತ್ತಾ?" ಅಂದ.

ಬೆಳಗ್ಗೆ ಹೇಳಿದ್ದಳು. ಹಿಂದಿನ ದಿನವೂ ಹೇಳಿದ್ದಳು. ಈಗ ಅದನ್ನೆಲ್ಲ ಹೇಳಲಾಗದೆ ನೆಲದ ಮೇಲೆ ಕೂತು ಅತ್ತಳು. ಅವನು ಕಾಲು ತಿಕ್ಕಿಕೊಳ್ಳುತ್ತ ಪಕ್ಕದಲ್ಲಿ ಕೂತ.

"ಕಾಲು ನೋಯುತ್ತೆ ಅಂತ ಕಂಬಕ್ಕೆ ಒರಗುತ್ತಿದ್ದೆ. ಕಲ್ಲು ಕೇಳಿಸುತ್ತಿತ್ತು. ಅದು ಜೋರಾಗಿ ಕೂಗುತ್ತಲ್ಲ, ಅದಕ್ಕೆ ಕೇಳುತ್ತೆ ಅಂದುಕೊಂಡಿದ್ದೆ." ಊರಿಗೆಲ್ಲ ಯಾಕೆ ಕೇಳಿದವನು ತನ್ನ ದವಡೆಯನ್ನು ಕೇಳಿರಲಿಲ್ಲ. ಆಮೇಲೆ ಲಟ್ಟಣಿಗೆಯನ್ನು ಎತ್ತಿ ತಿರುಗಿಸಿ ನೋಡಿದ.

"ಮರದಲ್ಲಿ ಮಾತು ಬರುತ್ತೆ ಅಂದ್ರೆ, ಕಬ್ಬಿಣದಲ್ಲಿ ಇನ್ನೂ ಚೆನ್ನಾಗಿ ಬರುತ್ತಾ?"

ಆ ಸಂಜೆ ಮನೆಯಲ್ಲಿದ್ದ ಸೌಟು, ಇಕ್ಕಳ, ಛತ್ರಿಯ ಕೋಲು ಯಾವುದೂ ಅವರ ಹಲ್ಲಿನಿಂದ ತಪ್ಪಿಸಿಕೊಳ್ಳಲಿಲ್ಲ. ರಬ್ಬರಿನ ಕೊಳವೆಯಲ್ಲಿ ಏನೂ ಬರಲಿಲ್ಲ. ಅದು ಯಾಕೆ ಎನ್ನುವುದಕ್ಕೆ ಒಂದು ವಾರ ಹೋಯಿತು.

ಆಮೇಲೆ ಗಿರಣಿಯಲ್ಲೂ ಒಂದು ಕೋಲು ಬಂತು. ಅವನ ಹಲ್ಲಿಗೆ ಒಂದು ತುದಿ, ಕಾಯುವವರ ಗಂಟಲಿಗೆ ಇನ್ನೊಂದು. ಕೆಲವರು ನಾಚಿಕೊಂಡರು, ಕೆಲವರು ಕೋಲು ಹಿಡಿಯುವ ಸಲುವಾಗಿಯೇ ಮನೆಯಲ್ಲಿ ಹಿಟ್ಟಿದ್ದರೂ ಬಂದರು. ಕೋಲು ಕಚ್ಚಿದಾಗ ಅವನು ಮಾತಾಡುವ ಹಾಗಿರಲಿಲ್ಲ. ಪ್ರಶ್ನೆ ಕೇಳಿ, ಕೋಲು ಕಚ್ಚಿ, ಕಾಯುತ್ತಿದ್ದ. ಇಷ್ಟು ವರ್ಷದಲ್ಲಿ ಇವನು ಬೇರೆಯವರ ಮಾತು ಪೂರ್ತಿ ಕೇಳಿಸಿಕೊಂಡದ್ದು ಈಗಲೇ ಎಂದು ಅವಳು ಆಡಿಕೊಂಡಳು.

ಕೊನೆಗೆ ಅವನ ಎದೆ ಕೆಟ್ಟಿತು. ಹಿಟ್ಟಿನ ಧೂಳು ಕೂತಿದೆ ಅಂದರು. ಆಸ್ಪತ್ರೆಯಲ್ಲಿ ಮಲಗಿಸಿದರು. ಹಲ್ಲಿಗೆ ಕೋಲು ಕಚ್ಚುವ ಶಕ್ತಿ ಇರಲಿಲ್ಲ. ಮಧ್ಯಾಹ್ನದ ಹೊತ್ತು, ಪಕ್ಕದ ಮಂಚದವರೆಲ್ಲ ನೋಡುತ್ತಿರುವಾಗಲೇ, ಅವಳು ಬಗ್ಗಿ ತನ್ನ ಹಣೆಯನ್ನು ಅವನ ಹಣೆಗೆ ಒತ್ತಿದಳು. ನರ್ಸು ಆ ಕಡೆ ತಿರುಗಿಕೊಂಡಳು.

"ಕೇಳುತ್ತಾ?"

"ಕೇಳುತ್ತೆ," ಅಂದ.

ಅವನ ದನಿ ಬೇರೆಯಾಗಿತ್ತು. ದಪ್ಪ, ಆಳ, ಬಾವಿಯಿಂದ ಬಂದ ಹಾಗೆ. "ನಿಮ್ಮ ದನಿ ಯಾಕೆ ಹೀಗಾಗಿದೆ?" ಅಂದಳು.

ಅವನು ಉಸಿರು ಕೂಡಿಸಿಕೊಂಡ. "ನನಗೆ ನನ್ನ ದನಿ ಯಾವಾಗಲೂ ಹೀಗೇ ಕೇಳೋದು. ಒಳಗಿನ ಮೂಳೆಯಿಂದ. ಇಷ್ಟು ವರ್ಷ ನೀನು ಕೇಳಿದ್ದು ಗಾಳಿಯಲ್ಲಿ ಬಂದದ್ದು."

ಅವಳು ಹಣೆ ತೆಗೆಯಲಿಲ್ಲ. "ಹಾಗಾದ್ರೆ ನನ್ನ ದನಿ ನನಗೆ ಹೇಗೆ ಕೇಳುತ್ತೋ, ನಿಮಗೂ ಈಗ ಹಾಗೇ ಕೇಳ್ತಿದೆಯಾ?"

ಅವನು ನಕ್ಕ. ಆ ನಗುವೂ ಅವಳ ತಲೆಯೊಳಗೇ ಆಯಿತು. "ಒಳ್ಳೇ ಪ್ರಶ್ನೆ ಕಣೇ. ನಿನ್ನ ಬುರುಡೆ ಬೇರೆ, ನನ್ನ ಬುರುಡೆ ಬೇರೆ. ತಾಳು, ಯೋಚನೆ ಮಾಡಿ ಹೇಳ್ತೀನಿ."

"ಆತುರ ಇಲ್ಲ," ಅಂದಳು.

ಯೋಚಿಸುವಾಗ ಅವನ ಹುಬ್ಬು ಗಂಟಿಕ್ಕಿದ್ದು ಅವಳ ಹಣೆಗೆ ತಾಗುತ್ತಿತ್ತು. ಮರುದಿನ ಹೊತ್ತೇರುವಷ್ಟರಲ್ಲಿ ಅವನು ಹೋದ. ಉತ್ತರ ಹೇಳಿರಲಿಲ್ಲ. ಕೊನೆಯವರೆಗೂ ಯೋಚಿಸುತ್ತಲೇ ಇದ್ದ, ಅದೇ ಸಾಕಲ್ಲವಾ ಎಂದು ನೋಡಲು ಬಂದವರು ಹೇಳುತ್ತಾರೆ.

ಅವಳಿಗೆ ಸಾಕಾಗಿಲ್ಲ.